ಸನತ್‌ನಗರದ ಕುಂಗ್‌ಫೂ

ಸನತ್‌ನಗರದ ಸಮುದಾಯ ಭವನದಲ್ಲಿ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಹೆಣ್ಣುಮಕ್ಕಳಿಗೆ ಕುಂಗ್‌ಫೂ ಕಲಿಸುತ್ತಾರೆ. ಧಾರವಾಡದಿಂದ ಬಂದ ನಾನು ಇವತ್ತು ಬೆಳಿಗ್ಗೆ ನೋಡಲು ಹೋಗಿದ್ದೆ. ಸಿಕಂದರಾಬಾದಿನಿಂದ ಬಂದಿದ್ದ ಬೀದರ ಕಡೆಯ ಕರಾಟೆ ಮಾಸ್ತರರೊಬ್ಬರು ಸ್ವಲ್ಪ ಹೊತ್ತು ನೋಡಿ ನಕ್ಕರು.

“ಇದು ಚೀನಾದ್ದಲ್ರಿ ಬಾಯಾರ. ಅರ್ಧ ಕರಾಟೆ, ಅರ್ಧ ಬಾಕ್ಸಿಂಗ್ ಐತಿ. ಬೋರ್ಡಿನ ಮ್ಯಾಲೆ ‘ಪ್ರಾಚೀನ ಚೀನೀ ವಿದ್ಯೆ’ ಅಂತ ಯಾಕ ಬರಸೀರಿ?”

ಹುಡುಗಿಯರೆಲ್ಲ ವೈನಿಯ ಮುಖ ನೋಡಿದರು. ನನಗೆ ಸಿಟ್ಟು ಬಂತು. ವೈನಿಗೆ ಬರಲಿಲ್ಲ.

“ಖರೆ ಐತ್ರಿ. ಜನ ಬರ್ಲಿ ಅಂತ ನಾನೇ ಬರಸಿದ್ದೆ. ನಮ್ಮ ಗುರುಗಳು ಇಲ್ಲೇ ಫ್ಯಾಕ್ಟರಿಯೊಳಗ ಫಿಟ್ಟರ್ ಇದ್ರು. ಶಿಫ್ಟ್ ಮುಗಿಸಿ ಬಂದು, ಒಂದೊಂದೇ ಪಟ್ಟು ಕೂಡಿಸಿ ಕಟ್ಟಿದ್ದು ಇದು. ಅವರ ದುಡಿಮಿ ಚೀನಾಕ್ಕ ಯಾಕ ಕೊಡ್ಲಿ?”

ನನ್ನ ಎದೆ ಉಬ್ಬಿತು. ವೈನಿ ಆಗಲೇ ಬಣ್ಣದ ಡಬ್ಬಿ ಹಿಡಿದು ಸ್ಟೂಲು ಹತ್ತಿ, ‘ಪ್ರಾಚೀನ ಚೀನೀ’ ಅಳಿಸಿ ಗುರುಗಳ ಹೆಸರು ಬರೆಯತೊಡಗಿದರು. ಸ್ಟೂಲು ಅಲುಗಾಡದಂತೆ ಕರಾಟೆ ಮಾಸ್ತರರೇ ಹಿಡಿದುಕೊಂಡರು.