ಒಂದು ತೋಳಿನ ಕೋಟು

ದರ್ಜಿ ಮಾಸ್ಟ್ರ ಬಾಯಿಂದ ‘ಆಗಲ್ಲ’ ಎಂಬ ಮಾತು ಹೊರಟದ್ದನ್ನು ಕೇಳಿದವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಪ್ಯಾಂಟು ಬೇಕೇ? ನಾಳೆ ಬನ್ನಿ. ಅಣ್ಣತಮ್ಮಂದಿರಿಗೆಲ್ಲ ಒಟ್ಟಿಗೆ ಕೋಟು ಬೇಕೇ? ಅದಕ್ಕೇನಂತೆ, ನಾಳಿದ್ದು ಸಂಜೆ. ಕತ್ತರಿ ಕಾಣದ ಬಟ್ಟೆ ಮೇಜಿನ ಮೇಲೆ ರಾಶಿ ಬಿದ್ದಿರುತ್ತಿತ್ತು. ಮಾಸ್ಟ್ರು ಆ ರಾಶಿಯ ಮೇಲೇ ಮೊಣಕೈ ಊರಿಕೊಂಡು ಇನ್ನೊಬ್ಬರಿಗೆ ಮಾತು ಕೊಡುತ್ತಿದ್ದರು. ಹೋಗಲಿ, ಕೆಲಸ ಬಾರದವರಾಗಿದ್ದರೆ ಜನ ಉಗಿದು ಬೇರೆ ಅಂಗಡಿ ನೋಡಿಕೊಳ್ಳುತ್ತಿದ್ದರು. ಅದೂ ಅಲ್ಲವಲ್ಲ! ಅವರು ಕತ್ತರಿಸಿದ ಕೋಟು ತೊಟ್ಟರೆ ಬೊಜ್ಜು ಹೊಟ್ಟೆಯವನೂ ಕನ್ನಡಿ ಮುಂದೆ ಒಂದು ಗಳಿಗೆ ನಿಂತು ತನ್ನನ್ನು ತಾನೇ ನೋಡಿಕೊಳ್ಳುತ್ತಿದ್ದ. ಹಾಗಾಗಿ ಬೈದು ಹೋದವರೇ ಮುಂದಿನ ಬಟ್ಟೆ ಹಿಡಿದು ಮತ್ತೆ ಬರುತ್ತಿದ್ದರು. ಬೀದಿಯವರು ಅವರಿಗೆ ನಾಳೆ ಮಾಸ್ಟ್ರು ಅಂತ ಹೆಸರಿಟ್ಟಿದ್ದರು.

ಗಿರಾಕಿಯ ದನಿ ಏರಿತೋ, ಮಾಸ್ಟ್ರು ಮಂಗಮಾಯ. ಬಟ್ಟೆ ತೊಟ್ಟು ನೋಡುವ ಮೂಲೆಯ ಪರದೆ ಎಳೆದುಕೊಂಡು ಒಳಗೆ ನಿಂತುಬಿಡುತ್ತಿದ್ದರು. ಒಳಗಿನಿಂದ ಮೆಲ್ಲಗೆ ದನಿ ಮಾತ್ರ ಬರುತ್ತಿತ್ತು: “ಕಾಜಮ್ಮಾ, ಯಾರೋ ಬಂದಿದಾರೆ ನೋಡು.”

ಕಾಜಮ್ಮ ಅಂದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು ಗುಂಡಿ ಹಚ್ಚುವ, ಗುಂಡಿ ತೂರುವ ಕಿಂಡಿಗೆ ಸುತ್ತ ದಾರ ಹೆಣೆದು ಕಾಜಾ ಮಾಡುವ ಹೆಂಗಸು. ಮನೆಯವರು ಇಟ್ಟ ಹೆಸರು ಬೇರೆ ಇತ್ತು, ಅಂಗಡಿಯಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ಕೆಲಸಕ್ಕೆ ಸೇರಿದ್ದು ಕಾಜಾ ಹೆಣೆಯಲಿಕ್ಕೆ. ಆದದ್ದು ಬೈಗುಳ ತಿನ್ನಲಿಕ್ಕೆ. ಅದರಲ್ಲೂ ಆಕೆ ಪಳಗಿಬಿಟ್ಟಿದ್ದಳು. ಕೂಗಾಡುವವರನ್ನು ಮೊದಲು ಕೂರಿಸಬೇಕು. ಕೂತವರಿಗೆ ಕೂಗುವುದು ಕಷ್ಟ. ಆಮೇಲೆ ನೀರು ಕೊಡಬೇಕು; ಕುಡಿಯುತ್ತಾ ಬೈಯಲಿಕ್ಕಾಗುವುದಿಲ್ಲ. ಅಷ್ಟಕ್ಕೂ ಬಗ್ಗದವರಿಗೆ ಕೋಟು ತೋರಿಸಬೇಕು.

ಆ ಕೋಟಿನ ವಿಷಯ ಹೇಳಲೇಬೇಕು. ಗೋಡೆಯ ಮೊಳೆಗೆ ಕಡುನೀಲಿ ಬಣ್ಣದ ಅರ್ಧ ಕೋಟೊಂದು ಸದಾ ತೂಗುತ್ತಿತ್ತು. ಅದಕ್ಕೆ ಒಂದೇ ತೋಳು. ಮೈತುಂಬ ಸೀಮೆಸುಣ್ಣದ ಗೆರೆ, ಉದ್ದುದ್ದ ಬಿಳಿ ದಾರದ ಕಚ್ಚಾ ಹೊಲಿಗೆ. ಯಾವ ಗಿರಾಕಿ ಬಂದು ‘ನನ್ನ ಕೋಟು ಎಲ್ಲಿ’ ಅಂದರೂ ಅದನ್ನೇ ದೂರದಿಂದ ಎತ್ತಿ ಹಿಡಿದು, “ನೋಡಿ, ಕಚ್ಚಾ ಮುಗಿದಿದೆ, ಇನ್ನೊಂದು ತೋಳು ಕೂರಿಸಿದ್ರೆ ಆಯ್ತು” ಅನ್ನುವುದು. ದೂರದಿಂದ ನೋಡಿದರೆ ಕಪ್ಪು, ಬೂದು, ನೀಲಿ ಎಲ್ಲ ಒಂದೇ. ಜನ ಅದನ್ನು ನೋಡಿ ತಣ್ಣಗಾಗಿ ಹೋಗುತ್ತಿದ್ದರು. ನಿಜವಾದ ಅವರ ಬಟ್ಟೆ ರಾಶಿಯ ತಳದಲ್ಲಿ ಹಾಯಾಗಿ ನಿದ್ದೆ ಮಾಡುತ್ತಿರುತ್ತಿತ್ತು. ಬಿಳಿ ದಾರ ಮಾಸಿದರೆ ನಂಬಿಕೆ ಹೋಗುತ್ತದೆಂದು ಆಗಾಗ ಹಳೆಯದನ್ನು ಬಿಚ್ಚಿ ಹೊಸ ದಾರ ಹಾಕುತ್ತಿದ್ದವಳು ಕಾಜಮ್ಮನೇ.

ಗಿರಾಕಿ ಹೋದ ಮೇಲೆ ಮಾಸ್ಟ್ರು ಪರದೆ ಸರಿಸಿ ಹೊರಬಂದು, “ಹೋದ್ರಾ? ಪಾಪ, ಒಳ್ಳೆ ಮನುಷ್ಯ” ಅನ್ನುತ್ತಿದ್ದರು. ಪ್ಯಾಂಟು ಬಿಟ್ಟು ಬೇರೇನೂ ಹೊಲಿಯದ ಮಿಷನ್‌ನವನೊಬ್ಬನಿದ್ದ, ಪ್ಯಾಂಟಣ್ಣ. ಅವನು ತಲೆ ಎತ್ತದೆ, “ಒಳ್ಳೆಯವ್ರೇ ಮಾಸ್ಟ್ರೇ, ನಿಮ್ಮ ಕೈಗೆ ಸಿಗೋ ತನಕ” ಅನ್ನುತ್ತಿದ್ದ. ಮಾಸ್ಟ್ರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಇಂಥವರ ಮೇಲೆ ಸಿಟ್ಟು ಮಾಡಿಕೊಂಡು ಏನು ಸುಖ, ಹೇಳಿ.

ಮನೆಯಲ್ಲಿ ಮಾತ್ರ ಸಿಟ್ಟು ಇತ್ತು. ಅದು ಮಗಳದು. ಮಾಸ್ಟ್ರು ಕೊಟ್ಟ ಮಾತನ್ನು ಉಳಿಸಲಿಕ್ಕೆ ಕಾಜಮ್ಮ ಕತ್ತಲಾಗುವ ತನಕ ಕೂತು ಯಾರ್ಯಾರದೋ ಗುಂಡಿ ಹಚ್ಚುತ್ತಿದ್ದಳು. ಶಾಲೆಯ ನಾಟಕದಲ್ಲಿ ಮಗಳು ರಾಣಿಯಾದದ್ದನ್ನು ಅವಳು ನೋಡಲಿಲ್ಲ, ಬಹುಮಾನ ತಗೊಂಡದ್ದನ್ನೂ ನೋಡಲಿಲ್ಲ. ಮಗಳು ಹಿತ್ತಿಲ ಗೋಡೆಯಿಂದ ಬಿದ್ದು ಎಡಭುಜ ಮುರಿದುಕೊಂಡ ಸಂಜೆಯೂ ತಾಯಿ ಅಂಗಡಿಯಲ್ಲೇ ಇದ್ದಳು. ಮೂಳೆ ಕೂಡಿತು, ಸರಿಯಾಗಿ ಕೂಡಲಿಲ್ಲ. ಎಡಭುಜ ಒಂದಿಷ್ಟು ಇಳಿದೇ ಉಳಿಯಿತು.

“ಆ ಮನುಷ್ಯನ್ನ ಯಾಕಮ್ಮ ಸಹಿಸ್ಕೋತೀಯ? ಬೇರೆ ಅಂಗಡಿಗಳಿಲ್ವಾ?” ಅಂತ ಮಗಳು ಎಷ್ಟೋ ಸಲ ಕೇಳಿದ್ದಳು.

ಇದ್ದವು. ಆದರೆ ಕಾಜಮ್ಮನ ಗಂಡ, ಸಿಟಿ ಬಸ್ಸಿನ ಡ್ರೈವರು, ಎದೆನೋವು ಅಂತ ಆಸ್ಪತ್ರೆ ಸೇರಿದಾಗ ಮಾಸ್ಟ್ರು ಅಂಗಡಿಗೆ ಬೀಗ ಜಡಿದು ಬಂದು ಅವನ ಮಂಚದ ಪಕ್ಕ ಕೂತಿದ್ದರು. ‘ಸ್ವಲ್ಪ ಇರ್ತೀರಾ ಮಾಸ್ಟ್ರೇ’ ಅಂತ ಅವಳು ಕೇಳಿದ್ದಳು, ಅಷ್ಟೇ. ಅವರಿಗೆ ಇಲ್ಲ ಅನ್ನಲಿಕ್ಕೆ ಬರುವುದಿಲ್ಲವಲ್ಲ! ಗಂಡ ಎದ್ದು ಓಡಾಡುವವರೆಗೆ ಇದ್ದರು. ಅತ್ತ ಗಿರಾಕಿಗಳು ಬೀಗ ಹಾಕಿದ ಬಾಗಿಲಿಗೆ ಶಾಪ ಹಾಕುತ್ತಿದ್ದರು. ಇದನ್ನು ಮಗಳಿಗೆ ಹೇಗೆ ತೂಗಿ ಹೇಳುವುದೆಂದು ಕಾಜಮ್ಮನಿಗೆ ಗೊತ್ತಾಗುತ್ತಿರಲಿಲ್ಲ. “ಸುಮ್ನಿರೇ, ಕೆಟ್ಟೋರಲ್ಲ” ಅಂದು ಪಾತ್ರೆ ತೊಳೆಯಲು ಏಳುತ್ತಿದ್ದಳು.

ಹೀಗಿರುವಾಗ ಮಗಳಿಗೆ ದೊಡ್ಡ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿತು. ಬಂದವರನ್ನು ನಗುತ್ತಾ ಮಾತಾಡಿಸಿ ಕೋಣೆಯ ಕೀಲಿ ಕೊಡುವ ಕೆಲಸ. ಸೋಮವಾರ ಬೆಳಿಗ್ಗೆ ಕಡುನೀಲಿ ಕೋಟು ತೊಟ್ಟು ಬರಬೇಕು, ಕೋಟನ್ನು ತಾನೇ ಹೊಂದಿಸಿಕೊಳ್ಳಬೇಕು. ರೆಡಿಮೇಡ್ ಅಂಗಡಿಗಳನ್ನೆಲ್ಲ ಸುತ್ತಿದ್ದಾಯಿತು. ಯಾವುದನ್ನು ತೊಟ್ಟರೂ ಎಡಗಡೆ ಜೋತುಬೀಳುತ್ತಿತ್ತು. ಅಂಗಡಿಯ ಹುಡುಗಿಯೊಬ್ಬಳು ಕನ್ನಡಿಯಲ್ಲಿ ಅದನ್ನು ನೋಡಿ ಸಟ್ಟನೆ ಕಣ್ಣು ತಿರುಗಿಸಿಕೊಂಡಳು. ಮಗಳು ಕೋಟು ಬಿಚ್ಚಿಟ್ಟು ಸೀದಾ ಹೊರಗೆ ನಡೆದಳು.

ಮರುದಿನ ಕಾಜಮ್ಮ ಮಾಸ್ಟ್ರ ಮುಂದೆ ಬಟ್ಟೆ ಇಟ್ಟಳು. ಮಾಸ್ಟ್ರ ಮುಖ ಅರಳಿಹೋಯಿತು. “ನಮ್ಮ ಹುಡುಗಿಗಾ? ಕೆಲಸ ಸಿಕ್ತಾ? ಬೇರೆಯವರು ಮುಟ್ಟಕೂಡ್ದು ಇದನ್ನ, ನಾನೇ ಹೊಲೀತೀನಿ. ಶುಕ್ರವಾರ ರೆಡಿ ಅಂತ ತಿಳ್ಕೋ!”

ಮನೆಯಲ್ಲಿ ಇದನ್ನು ಹೇಳಿದಾಗ ಮಗಳು ನಕ್ಕುಬಿಟ್ಟಳು. “ಯಾವ ಶುಕ್ರವಾರ ಅಂತ ಕೇಳ್ದೆಯಾ ಅಮ್ಮ?”

“ಇದು ನಮ್ಮ ಮನೆ ಬಟ್ಟೆ ಕಣೇ. ನಂಗೆ ಹಾಗೆಲ್ಲ ಮಾಡಲ್ಲ ಅವ್ರು.”

“ಸರಿ. ನೋಡೋಣ,” ಅಂದಳು ಮಗಳು. ಆ ‘ನೋಡೋಣ’ದಲ್ಲಿ ಬರೀ ಕೋಟಿನ ಮಾತು ಇರಲಿಲ್ಲ. ಇಷ್ಟು ವರ್ಷ ನನ್ನನ್ನು ಬಿಟ್ಟು ಆ ಅಂಗಡಿಯಲ್ಲಿ ಕೂತದ್ದಕ್ಕೆ ಏನು ಸಿಕ್ಕಿತು, ತೋರಿಸು ಅಂತಿತ್ತು. ಕಾಜಮ್ಮನಿಗೆ ಅದು ಸರಿಯಾಗಿಯೇ ಕೇಳಿಸಿತು.

ಶುಕ್ರವಾರ ಬಂತು, ಹೋಯಿತು. ಕೇಳಲಿಕ್ಕೆ ಅವಳಿಗೆ ಬಾಯಿ ಬರಲಿಲ್ಲ. ನಂಬಿಕೆ ಇಲ್ಲವೇನೋ ಅಂದುಕೊಂಡಾರು ಅನ್ನುವ ಸಂಕೋಚ ಬೇರೆ. ಶನಿವಾರ ಬೆಳಿಗ್ಗೆ ಪ್ಯಾಂಟಣ್ಣ ಮಿಷನ್‌ಗೆ ಎಣ್ಣೆ ಬಿಡುತ್ತಾ, “ಕೇಳಮ್ಮ ತಾಯಿ, ಬಾಯಲ್ಲೇನು ಅವಲಕ್ಕಿ ಇಟ್ಕೊಂಡಿದೀಯಾ?” ಅಂದ. ಅವಳು ಎದ್ದು ಮುಂದಿನ ಕೋಣೆಗೆ ಹೋದಳು.

“ಮಾಸ್ಟ್ರೇ, ಮಗಳ ಕೋಟು ಎಲ್ಲಿಗೆ ಬಂತು?”

ಮಾಸ್ಟ್ರು ಯಾರದೋ ಅಂಗಿಗೆ ಗೆರೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ. ಎಡಗೈ ತಂತಾನೇ ಗೋಡೆಯ ಕಡೆ ಹೋಯಿತು, ಮೊಳೆಯಿಂದ ಒಂದು ತೋಳಿನ ಕೋಟನ್ನು ಎತ್ತಿ ಹಿಡಿಯಿತು. “ನೋಡು, ಕಚ್ಚಾ ಮುಗಿದಿದೆ. ಇನ್ನೊಂದು ತೋಳು ಕೂರಿಸಿದ್ರೆ...”

ಅಲ್ಲಿಗೆ ಅವರ ನಾಲಿಗೆ ನಿಂತಿತು. ಮಿಷನ್ನೂ ನಿಂತಿತು. ಮೊನ್ನೆಯಷ್ಟೇ ತಾನು ಹಾಕಿದ ಬಿಳಿ ದಾರವನ್ನು ಕಾಜಮ್ಮ ನೋಡುತ್ತಾ ನಿಂತಳು. ಎಂಥೆಂಥ ಬೈಗುಳ ತಿಂದಿದ್ದಳು, ಒಂದೂ ತಾಗಿರಲಿಲ್ಲ. ಇದು ತಾಗಿತು.

“ನಂಗೇನಾ ಮಾಸ್ಟ್ರೇ?” ಅಂದಳು.

ಮಾಸ್ಟ್ರ ಕೈಯಲ್ಲಿ ಕೋಟು ಹಾಗೇ ಇತ್ತು. ಕೆಳಗಿಡಬೇಕೋ ಮೊಳೆಗೆ ಹಾಕಬೇಕೋ ತಿಳಿಯದೆ ಒದ್ದಾಡುತ್ತಿದ್ದರು. ಕಾಜಮ್ಮ ಹಿಂದಿನ ಕೋಣೆಗೆ ಹೋಗಿ ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟು, ಕೈಚೀಲ ತಗೊಂಡು ಹಿಂಬಾಗಿಲಿನಿಂದ ಹೊರಗೆ ಹೋದಳು.

ಮನೆಗೆ ಹೋಗುವ ದಾರಿ ಬಲಕ್ಕಿತ್ತು. ಅವಳು ಓಣಿಯ ತುದಿಯಲ್ಲಿ ನಿಂತು ಸ್ವಲ್ಪ ಹೊತ್ತು ಅತ್ತಳು. ಮೂಗು ಒರೆಸಿಕೊಂಡಳು. ಬರಿಗೈಯಲ್ಲಿ ಹೋಗಿ ಮಗಳ ಮುಖ ಹೇಗೆ ನೋಡುವುದು? ಅವಳು ಎಡಕ್ಕೆ ತಿರುಗಿ, ಮುಖ್ಯ ಬೀದಿಗೆ ಬಂದು, ಗಿರಾಕಿಗಳು ಬರುವ ಗಾಜಿನ ಬಾಗಿಲನ್ನು ತಳ್ಳಿದಳು. ಇಷ್ಟು ವರ್ಷದಲ್ಲಿ ಆ ಬಾಗಿಲಿನಿಂದ ಅವಳು ಒಳಗೆ ಬಂದದ್ದು ಅದೇ ಮೊದಲು. ಕೌಂಟರಿನ ಮೇಲೆ ಅಂಗೈಯಿಂದ ಬಡಿದಳು.

“ಯಾರ್ರೀ ಒಳಗೆ? ನನ್ನ ಬಟ್ಟೆ ಎಲ್ಲಿ? ಕೊಟ್ಟ ಮಾತಿಗೆ ಬೆಲೆ ಇಲ್ವಾ ನಿಮ್ಗೆ?”

ಪರದೆ ಸರ್ರನೆ ಎಳೆದ ಸದ್ದಾಯಿತು. ಒಳಗಿನಿಂದ ಎಂದಿನ ಮೆಲ್ಲನೆಯ ದನಿ: “ಕಾಜಮ್ಮಾ, ಯಾರೋ ಬಂದಿದಾರೆ ನೋಡು.”

ಪ್ಯಾಂಟಣ್ಣ ಹೊಟ್ಟೆ ಹಿಡಿದುಕೊಂಡ. ಕಾಜಮ್ಮ ನಗಲಿಲ್ಲ. “ಕಾಜಮ್ಮ ಒಳಗಿಲ್ಲ ಮಾಸ್ಟ್ರೇ. ಇಲ್ಲಿ ನಿಂತಿದಾಳೆ. ಬಂದು ಜವಾಬು ಕೊಡಿ.”

ಬಹಳ ಹೊತ್ತಾದ ಮೇಲೆ ಮಾಸ್ಟ್ರು ಹೊರಬಂದರು. ಕೊರಳಲ್ಲಿ ಟೇಪು, ಕಂಕುಳಲ್ಲಿ ಅವಳು ಕೊಟ್ಟ ಬಟ್ಟೆ. ಕಟ್ಟಿದ ಗಂಟೂ ಬಿಚ್ಚಿರಲಿಲ್ಲ. “ಮರೆತಿಲ್ಲ ಕಣಮ್ಮ. ದಿನಾ ತೆಗೀತೀನಿ, ದಿನಾ ಒಳಗಿಡ್ತೀನಿ. ಕತ್ತರಿ ಹಾಕೋಕೆ ಕೈ ಬರ್ತಿಲ್ಲ.”

“ಯಾಕೆ? ನಮ್ಮದು ಅಂತ ಸಸಾರವಾ?”

“ಅಯ್ಯೋ, ಹಾಗನ್ಬೇಡ. ಬೇರೆಯವರದ್ದು ಕೆಟ್ರೆ ಸಮಾಧಾನ ಹೇಳೋಕೆ ನೀನಿದ್ದೀಯ. ನಿಂದೇ ಕೆಟ್ರೆ ನಾನು ಯಾರನ್ನ ಕಳಿಸ್ಲಿ?”

ಅವಳಿಗೆ ಒಂದು ಕ್ಷಣ ಆ ನರೆಗೂದಲ ಮನುಷ್ಯನ ಮೇಲೆ ಎಲ್ಲಿಲ್ಲದ ಮರುಕ ಉಕ್ಕಿಬಂತು. ಎಂದಿನ ಕಾಜಮ್ಮನಾಗಿದ್ದರೆ ‘ಹೋಗ್ಲಿ ಬಿಡಿ’ ಅಂದುಬಿಡುತ್ತಿದ್ದಳು. ಆ ಮಾತು ಗಂಟಲವರೆಗೆ ಬಂದೂ ಇತ್ತು. ಅವಳು ಅದನ್ನು ನುಂಗಿದಳು.

“ಕೆಡಿಸಿದ್ರೆ ನಿಮ್ಮನ್ನೇ ಕಳಿಸ್ತೀನಿ ಅವಳ ಹತ್ರ. ಸೋಮವಾರ ಬೆಳಿಗ್ಗೆ ನನ್ನ ಮಗಳು ಕೆಲಸಕ್ಕೆ ಹೋಗ್ಬೇಕು. ಕತ್ತರಿ ತಗೊಳ್ಳಿ.”

“ಹಾಗಾದ್ರೆ ಹುಡುಗಿ ಬರ್ಲಿ. ನಿನ್ನ ಬಾಯಳತೆ ಸಾಲ್ದು, ನಾನು ಭುಜ ನೋಡ್ಬೇಕು.”

ಮಗಳು ಬಂದಳು. ಮುಖ ಗಂಟಿಕ್ಕಿಕೊಂಡೇ ಬಂದಳು. ಮಾಸ್ಟ್ರು ಅವಳನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದರು. ಟೇಪನ್ನು ಎಡಭುಜಕ್ಕೂ ಬಲಭುಜಕ್ಕೂ ಬೇರೆಬೇರೆಯಾಗಿ ಹಿಡಿದರು, ಎಲ್ಲರಿಗೂ ಹಾಗೇ ಅಳೆಯುವವರಂತೆ. “ಬಿಗಿಯಾಗಿ ನಿಲ್ಬೇಡಮ್ಮ, ಮನೇಲಿ ಹೇಗೆ ನಿಲ್ತೀಯೋ ಹಾಗೆ ನಿಲ್ಲು. ಹೊಂದಿಕೊಳ್ಳೋ ಕೆಲಸ ಬಟ್ಟೇದು, ನಿಂದಲ್ಲ,” ಅಂದರು. ಮಗಳು ತಾಯಿಯ ಕಡೆ ಒಮ್ಮೆ ನೋಡಿ, ಉಸಿರು ಬಿಟ್ಟು, ಭುಜ ಸಡಿಲಿಸಿದಳು.

ಆಮೇಲೆ ಮಾಸ್ಟ್ರು ಕತ್ತರಿ ಹಿಡಿದರು ನೋಡಿ, ಹೊರಗೆ ಯಾರು ಬಂದರು ಯಾರು ಹೋದರು ಒಂದೂ ಗೊತ್ತಿಲ್ಲ. ಭಾನುವಾರ ಅಂಗಡಿಗೆ ರಜೆ. ಅರ್ಧ ಷಟರು ಎತ್ತಿಕೊಂಡು ಮೂವರೂ ಕೂತರು. ಎಡಭುಜದ ಒಳಗೆ ಕ್ಯಾನ್ವಾಸಿನ ತೆಳು ಪದರ, ಅದರ ಮೇಲೆ ಇನ್ನೊಂದು, ತೊಡಿಸಿ ನೋಡಿ ಮತ್ತೆ ಬಿಚ್ಚಿ ಇನ್ನೊಂದು. ಪ್ಯಾಂಟಣ್ಣ ಹುಟ್ಟಿದಾಗಿನಿಂದ ಮೊದಲ ಸಲ ಕೋಟಿನ ತೋಳು ಹೊಲಿದ. “ಎರಡು ಕಾಲಿನ ಬದಲು ಎರಡು ಕೈ, ಇದರಲ್ಲೇನು ದೊಡ್ಡ ವಿದ್ಯೆ” ಅಂದ. ಮಗಳು ಊಟದ ಡಬ್ಬಿ ತಂದವಳು ವಾಪಸು ಹೋಗಲಿಲ್ಲ. ತಾಯಿಯ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, ಅವಳು ಕಾಜಾ ಹೆಣೆಯುವುದನ್ನು ನೋಡಿದಳು. ಸೂಜಿ ಹೋಗಿ ಬರುವುದನ್ನು, ದಾರ ಪ್ರತಿಸಲ ಚಿಕ್ಕ ಗಂಟಾಗಿ ಕೂರುವುದನ್ನು. “ಇದೇನಾ ದಿನಾ ಮಾಡೋದು?” ಅಂದಳು. “ಇದೇ,” ಅಂದಳು ಕಾಜಮ್ಮ.

ಇಳಿಹೊತ್ತಿಗೆ ಮಗಳು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಳು. ಎರಡೂ ಭುಜ ಒಂದೇ ಮಟ್ಟಕ್ಕಿದ್ದವು. ಅವಳು ಒಂದು ಕಡೆ ವಾಲಿದಳು, ಇನ್ನೊಂದು ಕಡೆ ವಾಲಿದಳು, ಕೈ ಎತ್ತಿ ಇಳಿಸಿದಳು. ಕೋಟು ಅಲುಗಲಿಲ್ಲ. ಮಾಸ್ಟ್ರು ಉಗುರು ಕಚ್ಚುತ್ತಾ ಗೋಡೆಗೆ ಒರಗಿದ್ದರು. ಮಗಳು ಅವರ ಕಡೆ ತಿರುಗಿ ತಲೆದೂಗಿದಳು. ಮಾಸ್ಟ್ರಿಗೆ ಅಷ್ಟೇ ಸಾಕಾಯಿತು.

ಕೆಳಗಿನ ಗುಂಡಿಯೊಂದು ಬಾಕಿ ಇತ್ತು. ಕೋಟು ಬಿಚ್ಚಿಸಿಕೊಂಡು ಕಾಜಮ್ಮ ಸೂಜಿ ತಗೊಂಡಳು. ಅಷ್ಟರಲ್ಲಿ ಯಾರೋ ಷಟರನ್ನು ದಡಬಡ ಬಡಿದರು. “ರೀ ಮಾಸ್ಟ್ರೇ! ಒಳಗಿದ್ದೀರಿ ಅಂತ ಗೊತ್ತು! ನನ್ನ ಕೋಟು ಏನಾಯ್ತು?”

ಮಾಸ್ಟ್ರ ಕಣ್ಣು ಪರದೆಯ ಕಡೆ ಹೋಯಿತು. ಕಾಜಮ್ಮನ ಕಾಲು ತಂತಾವೇ ಎದ್ದವು. ಗಿರಾಕಿಯನ್ನು ಕೂರಿಸಬೇಕು, ನೀರು ಕೊಡಬೇಕು.

ಮಗಳು ಅವಳ ಮೊಣಕೈ ಹಿಡಿದಳು.

“ಕೂತ್ಕೋ ಅಮ್ಮ. ಇನ್ನೂ ಒಂದು ಗುಂಡಿ ಇದೆ. ನಂದು.”

ಕಾಜಮ್ಮ ನಿಂತಲ್ಲೇ ನಿಂತಳು. ಮಾಸ್ಟ್ರು ತಾಯಿಯನ್ನು ನೋಡಿದರು, ಮಗಳನ್ನು ನೋಡಿದರು, ಕೊರಳಿನ ಟೇಪು ಸರಿಮಾಡಿಕೊಂಡು ಷಟರಿನ ಕಡೆ ನಡೆದರು. ಹೊರಗೆ ಮೊದಲು ಜೋರು ದನಿ ಕೇಳಿಸಿತು. ಆಮೇಲೆ ಮಾಸ್ಟ್ರ ದನಿ, ತಡವರಿಸುತ್ತಾ: “ಇಲ್ಲ ಸಾರ್... ಇನ್ನೂ ಕತ್ತರಿಸಿಲ್ಲ. ನಾಳೆ ಆಗಲ್ಲ. ತಪ್ಪು ನಂದೇ.” ಬೈಗುಳ ಇನ್ನೂ ಜೋರಾಯಿತು. ಅವರು ಒಳಗೆ ಓಡಿಬರಲಿಲ್ಲ.

ಕಾಜಮ್ಮ ಕೂತಳು. ಕಣ್ಣು ತುಂಬಿಬಂದು ಸೂಜಿಯ ಕಣ್ಣೇ ಕಾಣದಾಯಿತು. ಮಗಳು ಸೂಜಿಯನ್ನು ಅವಳ ಕೈಯಿಂದ ತಗೊಂಡು, ದಾರ ಪೋಣಿಸಿ ವಾಪಸು ಕೊಟ್ಟಳು. ಕಾಜಮ್ಮ ಗುಂಡಿ ಹಚ್ಚಿದಳು.