ಮಗಳು ಓದಿದ ಲಗ್ನಪತ್ರಿಕೆ

ನಾನು ಬಿ.ಎಡ್. ಮಾಡಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಗೆ ಬಂದವರಿಗೆಲ್ಲ ಮೊದಲು ಇದನ್ನೇ ಹೇಳುತ್ತಿದ್ದೆ. ಕೊರೊನಾ ಕಾಲದಲ್ಲಿ ಶಾಲೆಗಳು ಬಾಗಿಲು ಹಾಕಿದಾಗ ಮಕ್ಕಳಿಗೆ ಮನೆಯಲ್ಲೇ ಪಾಠ ಶುರುಮಾಡಿದೆ. ಶಾಲೆ ತೆರೆದ ಮೇಲೂ ಕಳಿಸಲಿಲ್ಲ. ಮದ್ದೂರಿನ ಪಕ್ಕದ ನಮ್ಮೂರಿನಲ್ಲಿ ಇದೇನು ಸಣ್ಣ ಸುದ್ದಿಯಲ್ಲ. "ಇಸ್ಕೂಲ್ ಬುಡ್ಸಿ ಮಕ್ಳನ್ನ ಏನ್ ಮಾಡ್ಬೇಕು ಅಂತಿದ್ದೀಯವ್ವ?" ಎಂದು ದಾರಿಯಲ್ಲಿ ನಿಲ್ಲಿಸಿ ಕೇಳುವವರಿದ್ದರು. ಮಂಡ್ಯದ ಕಚೇರಿಯೊಂದರಲ್ಲಿ ಕೆಲಸ ಮಾಡುವ ಗಂಡ ಒಂದು ಷರತ್ತು ಹಾಕಿ ಒಪ್ಪಿದ್ದರು. ಎಂಟು ವರ್ಷ ತುಂಬುವ ಹೊತ್ತಿಗೆ ಯಾವ ಮಗುವಿಗೆ ಓದಲು ಬರುವುದಿಲ್ಲವೋ ಆ ಮಗು ಶಾಲೆಗೆ. ನಾನು ನಕ್ಕು ಹೂಂ ಅಂದಿದ್ದೆ.

ದೊಡ್ಡವನಿಗೆ ಹನ್ನೆರಡು, ನಡುವಿನವಳಿಗೆ ಎಂಟು ತುಂಬಲು ಎರಡು ತಿಂಗಳು ಬಾಕಿ, ಚಿಕ್ಕವನಿಗೆ ಐದು. ಮೂವರಿಗೂ ನಡುಮನೆಯಲ್ಲಿ ಒಂದೇ ಚಾಪೆ. ದೊಡ್ಡವನು ಪಾಠವನ್ನು ಗಟ್ಟಿಯಾಗಿ ಓದಬೇಕು, ಉಳಿದವರು ಅವರೆಕಾಯಿ ಸುಲಿಯುತ್ತ ಕೇಳಬೇಕು. ಆಮೇಲೆ ಪುಸ್ತಕ ಮಗಳ ಕೈಗೆ. ಅವಳು ಅದೇ ಪಾಠವನ್ನು ಅಣ್ಣನಿಗಿಂತ ಚೆನ್ನಾಗಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಓದುತ್ತಿದ್ದಳು. ಒಲೆಯ ಮೇಲಿನ ಸಾರು ನೋಡಿಕೊಳ್ಳುತ್ತ ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದ ನನಗೆ ಜಂಬವೋ ಜಂಬ. ಯಾರೇ ಬಂದರೂ "ನಮ್ಮ ಹುಡುಗಿ ಓದೋದನ್ನ ಸ್ವಲ್ಪ ಕೇಳಿ" ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ಹನಕೆರೆಯಿಂದ ನಮ್ಮ ನೆಂಟರು ಗಂಡಹೆಂಡಿರು ಪತ್ರಿಕೆ ಕೊಡಲು ಬಂದರು. ನಮ್ಮ ಕಡೆ ಏನೇ ಶುಭಕಾರ್ಯವಿದ್ದರೂ ಮನೆಗೇ ಬಂದು ಕುಂಕುಮ ಕೊಟ್ಟು ಕರೆಯಬೇಕು. ಫೋನಿನಲ್ಲಿ ಕಳಿಸಿದರೆ ಅದನ್ನು ಕರೆದರು ಅನ್ನುವುದಿಲ್ಲ. ಹಿತ್ತಲಿನಲ್ಲಿದ್ದ ಮಗಳನ್ನು ಕೂಗಿ, ಪತ್ರಿಕೆ ಕೈಗಿತ್ತು, ಅಜ್ಜಿಗೆ ಓದಿ ಹೇಳು ಅಂದೆ. ನಮ್ಮ ಜೊತೆಗೇ ಇರುವ ಅತ್ತೆಗೆ, ನನ್ನ ಗಂಡನ ತಾಯಿಗೆ, ಅಕ್ಷರ ಬಾರದು. ಮಗಳು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಶುರುಮಾಡಿದಳು. ಕುಲದೇವರ ಕೃಪೆಯಿಂದ, ಗುರುಹಿರಿಯರು ನಿಶ್ಚಯಿಸಿದಂತೆ, ನಮ್ಮ ಜ್ಯೇಷ್ಠ ಪುತ್ರನ ವಿವಾಹ ಮಹೋತ್ಸವ, ಧಾರಾ ಮುಹೂರ್ತ. ಒಂದು ಕಡೆಯೂ ತಡವರಿಸಲಿಲ್ಲ.

ಅದು ಗೃಹಪ್ರವೇಶದ ಪತ್ರಿಕೆಯಾಗಿತ್ತು.

ಬಂದವರು ಬಿದ್ದು ಬಿದ್ದು ನಕ್ಕರು. "ಮನೆ ಕಟ್ಟುದ್ರೆ ಮದ್ವೆನೇ ಮಾಡ್ಬುಟ್ಲಲ್ಲಪ್ಪ, ತಮಾಸೆ ಉಡ್ಗಿ ಕಣಮ್ಮ" ಅಂದರು. ನಾನೂ ನಕ್ಕೆ. ಅತ್ತೆ ಮಾತ್ರ ನಗಲಿಲ್ಲ.

ಅವರು ಹೊರಟ ಮೇಲೆ ಪುಸ್ತಕ ತೆಗೆದು, ಪಾಠದ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟು ಓದು ಅಂದೆ. ಅವಳು ಪಾಠದ ಮೊದಲಿನಿಂದ ಹೇಳತೊಡಗಿದಳು. ಯಾರೂ ಓದಿರದ ಇನ್ನೊಂದು ಪುಟ ತೆರೆದೆ. ಗೊತ್ತಿದ್ದ ಅಕ್ಷರಗಳನ್ನಷ್ಟೇ ಅಲ್ಲೊಂದು ಇಲ್ಲೊಂದು ಹುಡುಕಿ ತೋರಿಸಿದಳು. ಹದಿನೈದಿಪ್ಪತ್ತು ಅಕ್ಷರಗಳ ಗುರುತಿತ್ತು, ಅಷ್ಟೇ. ಉಳಿದದ್ದೆಲ್ಲ ಅಣ್ಣನ ಬಾಯಿಂದ ಕೇಳಿ ಕಲಿತದ್ದು. ಅತ್ತೆಗಾಗಿ ಅವನು ಓದುತ್ತಿದ್ದ ಲಗ್ನಪತ್ರಿಕೆಗಳೂ ಅದರಲ್ಲಿ ಸೇರಿದ್ದವು. ಒಂದೇ ಚಾಪೆಯ ಮೇಲೆ ಮೂವರನ್ನೂ ಕೂರಿಸಿ, ಒಬ್ಬನಿಗೆ ಮಾಡಿದ ಪಾಠ ಮೂವರಿಗೂ ಆಯಿತು ಎಂದುಕೊಂಡವಳು ನಾನು. ಬಿ.ಎಡ್. ಬೇರೆ.

"ನಂಗೆ ವರ್ಸದಿಂದ ಗೊತ್ತು" ಅಂದರು ಅತ್ತೆ. "ನಾನೂ ಅಂಗೇ ಅಲ್ವಾ? ಮದ್ದೂರ್ ಬಸ್‌ಸ್ಟ್ಯಾಂಡಲ್ಲಿ ಬೋಡು ಓದೋಳಂಗೆ ನಿಂತ್ಕೊಂಡು, ಪಕ್ಕದೋರು ಯಾವ ಬಸ್ಸು ಅಂತಾರೋ ಕೇಳುಸ್ಕತೀನಿ."

"ಮತ್ತೆ ನಂಗ್ಯಾಕೆ ಹೇಳಲಿಲ್ಲ ಅತ್ತೆ?"

"ಏಳಿದ್ರೆ ನೀನು ಕೇಳ್ತಿದ್ದಾ?"

ಕೇಳುತ್ತಿರಲಿಲ್ಲ. ಇವರಿಗೇನು ಗೊತ್ತು ಎನ್ನುತ್ತಿದ್ದೆ. ಆದರೆ ಆಮೇಲೆ ನಾನು ಮಾಡಿದ ಕೆಲಸ ಅದಕ್ಕಿಂತ ಕೆಟ್ಟದ್ದು. ಮಗಳನ್ನು ಹತ್ತಿರ ಕೂರಿಸಿಕೊಂಡು, "ಎರಡು ತಿಂಗಳಲ್ಲಿ ಕಲಿಸಿಬಿಡ್ತೀನಿ, ಅಪ್ಪಂಗೆ ಹೇಳಬೇಡ" ಅಂದೆ. ಅವಳಿಗೆ ಎಂಟು ತುಂಬಿದ ದಿನ ಗಂಡ ಪುಸ್ತಕ ಕೈಗೆ ಕೊಟ್ಟು ಓದಿಸುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ದೊಡ್ಡವನಿಗೆ ಲೆಕ್ಕ ಕೊಟ್ಟು, ಚಿಕ್ಕವನನ್ನು ಅತ್ತೆಯ ಹತ್ತಿರ ಬಿಟ್ಟು, ಅವಳೊಬ್ಬಳ ಬೆನ್ನು ಬಿದ್ದೆ. ಕಾಗುಣಿತ, ಒತ್ತಕ್ಷರ, ಮತ್ತೆ ಕಾಗುಣಿತ. ತಪ್ಪಿದಾಗ ನಾನು ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಸುಮ್ಮನೆ ನಿಟ್ಟುಸಿರು ಬಿಡುತ್ತಿದ್ದೆ. ಮೂರನೆಯ ದಿನದಿಂದ ಬೆಳಗಾದರೆ ಸಾಕು, ಅವಳಿಗೆ ಹೊಟ್ಟೆನೋವು. ಎರಡನೆಯ ವಾರದ ಒಂದು ದಿನ ಚಾಪೆ ಹಾಸುವ ಸದ್ದಿಗೇ ಎದ್ದು ಹಿತ್ತಲಿಗೆ ಹೋಗಿಬಿಟ್ಟಳು.

ಅಂದು ಸಂಜೆ ಗಂಡ ಬಂದು ಕೈಕಾಲು ತೊಳೆದುಕೊಂಡು ಕೂತಾಗ ಎಲ್ಲವನ್ನೂ ಹೇಳಿದೆ. ಅವಳಿಂದ ಮುಚ್ಚಿಡಿಸಿದ್ದನ್ನೂ ಹೇಳಿದೆ. ಆಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ; ಆಡಿಕೊಳ್ಳಲಿಲ್ಲ. ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, "ಸರತ್ತು ಗಿರತ್ತು ಎಲ್ಲ ಅತ್ಲಾಗಿರ್ಲಿ. ನೀನೇ ಏಳವ್ವ. ಮನೇಲಿ ಕಲಿತೀಯಾ, ಇಸ್ಕೂಲ್ಗೆ ಓಯ್ತೀಯಾ?" ಅಂತ ಕೇಳಿದರು.

"ಇಸ್ಕೂಲ್ಗೆ" ಅಂದಳು, ತಡಮಾಡದೆ.

"ಅಲ್ಲಿ ಓದಕ್ಕೆ ಬರ್ದಿದ್ರೆ ಮಿಸ್ಸು ಬಯ್ತಾರೆ ಕಣವ್ವ."

"ಬಯ್ಲಿ. ಬಯ್ದು ಸುಮ್ಕಾಯ್ತಾರೆ. ಅಮ್ಮನಂಗೆ ಬೇಜಾರ್ ಮಾಡ್ಕಳಲ್ಲ."

ತಡೆಯಲಾಗದೆ ನನಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ಅವಳು ನೋಡಿಬಿಟ್ಟಿದ್ದಳು. ಅಪ್ಪನ ಪಕ್ಕದಿಂದ ಎದ್ದು ಬಂದು ನನ್ನ ಮುಂದೆ ನಿಂತಳು.

"ಓಗಲ್ಲ ಬುಡಮ್ಮ. ಇಲ್ಲೇ ಕಲಿತೀನಿ."

ಅವಳನ್ನು ಶಾಲೆಗೆ ಸೇರಿಸಲೇಬೇಕು ಎಂದು ನನಗೆ ಖಾತ್ರಿಯಾದದ್ದು ಆಗ. ಮಾರನೆಯ ಬೆಳಿಗ್ಗೆ ನಾನೇ ಅವಳನ್ನು ಕರೆದುಕೊಂಡು ಹೊರಟೆ, ದಾರಿಯುದ್ದಕ್ಕೂ ನಗುನಗುತ್ತಾ ಮಾತಾಡಿಸಿಕೊಂಡು.