ಒಂದೇ ಸಲ ನೋಡಿದ ಅಳತೆ

ನಾನು ಬಿ.ಎಸ್ಸಿ. ಆಗುವುದು ಈ ಜನ್ಮದಲ್ಲಿಲ್ಲ ಎಂದವರು ನನ್ನ ದೊಡ್ಡಪ್ಪ. ಹೊನ್ನಾವರದ ನಮ್ಮ ಮನೆಯ ಜಗಲಿಯಲ್ಲಿ ಕವಳ ಜಗಿಯುತ್ತ, ಅಪ್ಪನಿಗೆ ಕೇಳಲೆಂದೇ ಹೇಳಿದರು: "ನಮ್ಮಲ್ಲಿ ಗಂಡುಮಕ್ಕಳೇ ಏಳನೇ ಕ್ಲಾಸು ದಾಟ್ಲಿಲ್ಲ. ಇವ್ಳು ಕುಮಟೆಗೆ ಹೋಗಿ ಎಂತ ಕಡಿದು ಕಟ್ಟೆ ಹಾಕೂದು?"

ಅಪ್ಪ ಎದ್ದು ಹಿತ್ತಲಿಗೆ ಹೋದರು. ಅಲ್ಲಿ ಹಂಚಿನ ಮಾಡಿನ ಕೆಳಗೆ ಕಬ್ಬಿಣ ಕೊರೆಯುವ ಅವರ ಲೇತ್ ಯಂತ್ರ ಇತ್ತು. ಭಟ್ಕಳದ ಮೀನು ಲಾಂಚಿನವರು ಎಂಜಿನ್ನಿನ ಮುರಿದ ಶಾಫ್ಟುಗಳನ್ನು ಹೊಳೆ ದಾಟಿಸಿ ತರುತ್ತಿದ್ದರು. ಶಾಫ್ಟಿನ ದಪ್ಪ ಭಾಗ ಸಪೂರವಾಗುವಲ್ಲಿ ಮೂಲೆ ಚೂಪಾಗಿದ್ದರೆ ಅಲ್ಲಿಯೇ ಮುರಿಯುತ್ತದೆ. ಹೊಸದನ್ನು ಮಾಡುವಾಗ ಆ ಮೂಲೆಯನ್ನು ದುಂಡಗೆ ಕೊರೆಯಬೇಕು. ಎಷ್ಟು ದುಂಡಗಾಗಿದೆ ಎಂದು ಅಳೆಯುವ ಕೆಲಸ ಶಾಲೆಗೆ ಹೋಗುವಾಗಿನಿಂದ ನನ್ನದು. ಅದಕ್ಕೆ ದುಂಡು ತುದಿಯ ತೆಳ್ಳನೆಯ ಉಕ್ಕಿನ ಎಲೆಗಳಿದ್ದವು, ಒಂದೊಂದರ ಮೇಲೂ ಅದರ ತ್ರಿಜ್ಯ ಕೊರೆದಿತ್ತು. ಎಲೆಯನ್ನು ಮೂಲೆಗೆ ಒತ್ತಿ ಬೆಳಕಿಗೆ ಹಿಡಿಯುವುದು. ಸಂದಿಯಲ್ಲಿ ಬೆಳಕು ಇಣುಕಿದರೆ ಬೇರೆ ಎಲೆ. ಮುಚ್ಚಿದರೆ ಅದೇ ಅಳತೆ.

"ಮುಚ್ತಾ?" ಎಂದು ಅಪ್ಪ ಕೇಳುವರು.

"ಮುಚ್ತು."

"ಆತು ಹಂಗಾರೆ. ಮತ್ತೆ ಮತ್ತೆ ನೋಡ್ಬ್ಯಾಡ ತಂಗಿ, ಕಣ್ಣು ಸುಳ್ಳು ಹೇಳೂಕೆ ಕಲೀತದೆ."

ಕುಮಟೆಯ ಕಾಲೇಜಿನ ಕೊನೆಯ ವರ್ಷ. ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ನನಗೆ ಬಂದದ್ದು ಮಸೂರದ ಬಾಗನ್ನು ಅಳೆಯುವ ಕೆಲಸ. ಖುಷಿಯಾಯಿತು, ಇದು ನಮ್ಮ ಮನೆ ಕಸುಬೇ ಅಲ್ಲವೇ! ಉಸಿರು ಬಿಗಿಹಿಡಿದು ಅಳತೆಯ ಉಪಕರಣದ ತಿರುಪು ತಿರುಗಿಸಿ ಅಂಕಿ ಓದಿದೆ. ಕೋಷ್ಟಕದಲ್ಲಿ ಐದು ಸಾಲುಗಳಿದ್ದವು. ಐದರಲ್ಲೂ ಅದನ್ನೇ ಬರೆದೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಾಳೆಯ ಮೇಲೆ ಬೆರಳಿಟ್ಟರು. "ಐದು ಸಲ ನೋಡಿದಿರಾ?"

"ಇಲ್ಲ ಸರ್. ಒಂದೇ ಸಲ. ಆದರೆ ಸರಿಯಾಗಿ ನೋಡಿದ್ದೇನೆ."

"ಒಂದೇ ಸಲ ಸಾಕು ಅಂತ ಯಾರು ಹೇಳಿದ್ದು?"

"ನಮ್ಮಪ್ಪ."

ಇಡೀ ಕೋಣೆ ನಕ್ಕಿತು. ನನ್ನ ಉಗುರಿನ ಸಂದಿಯಲ್ಲಿ ಲೇತಿನ ಕಪ್ಪು ಇತ್ತು. ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡೆ. ಮನೆಗೆ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿದ್ದ ನಮ್ಮ ಕ್ಲಾಸಿನ ಹುಡುಗರು, "ಎಂತ ಅಕ್ಕಾ, ರೀಡಿಂಗೂ ಅಪ್ಪನ ಲೇತಲ್ಲೇ ತಯಾರಾ?" ಎಂದರು.

ನಾಪಾಸಾದೆ. ಯಾಕೆಂದು ಅಪ್ಪ ಕೇಳಿದಾಗ ಇದ್ದದ್ದನ್ನು ಹೇಳಿಬಿಟ್ಟೆ, 'ನಮ್ಮಪ್ಪ' ಎಂದಾಗ ಇಡೀ ಕೋಣೆ ನಕ್ಕದ್ದನ್ನೂ ಸೇರಿಸಿ. ಮರುದಿನದಿಂದ ಎಲೆಗಳ ಕಟ್ಟನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಮೂಲೆಗೆ ಹಿಡಿದು, ತೆಗೆದು, ಶಾಫ್ಟು ತಿರುಗಿಸಿ, ಮತ್ತೆ ಹಿಡಿದು ನೋಡುವರು. ಒಮ್ಮೆ ಮುಚ್ಚಿದ ಬೆಳಕನ್ನು ನಂಬದೆ ಅವರು ಕಣ್ಣು ಕಿರಿದು ಮಾಡುವುದನ್ನು ಅಡುಗೆಮನೆಯ ಬಾಗಿಲಿನಿಂದ ನೋಡಲಾಗದೆ ಒಳಗೆ ಬರುತ್ತಿದ್ದೆ. ನಾಪಾಸಾದದ್ದಕ್ಕಿಂತ ಅದಕ್ಕೇ ನನಗೆ ಹೆಚ್ಚು ನಾಚಿಕೆ.

ಮರುವರ್ಷ ಐದು ಸಲ ನೋಡಿ ಐದು ಬೇರೆ ಬೇರೆ ಅಂಕಿ ಬರೆದೆ. ಪಾಸಾದೆ. ನಮ್ಮ ಕುಟುಂಬದ ಮೊದಲ ಪದವಿ. ಯಾರ ಶಿಫಾರಸೂ ಇಲ್ಲದೆ ಪಡೆದದ್ದು, ಇವತ್ತಿಗೂ ತಲೆಯೆತ್ತಿಯೇ ಹೇಳುತ್ತೇನೆ.

ಪ್ರಮಾಣಪತ್ರ ಬಂದ ದಿನ ಅದನ್ನು ಹಿತ್ತಲಿಗೆ ಒಯ್ದು ಅಪ್ಪನ ಕೈಗಿತ್ತೆ. ಕಟ್ಟು ಹಾಕಿಸಿ ಲೇತಿನ ಮೇಲಿನ ಗೋಡೆಗೆ ತೂಗುಹಾಕೋಣ, ಬಂದವರೆಲ್ಲ ನೋಡಲಿ ಎಂದೆ. ಅವರು ಅಂಚನ್ನಷ್ಟೇ ಹಿಡಿದು ನೋಡಿದರು. ಆಮೇಲೆ ಹಿಂದಕ್ಕೆ ಕೊಟ್ಟರು.

"ಒಳಗೆ ಹಾಕು ತಂಗಿ, ಇಲ್ಲಿ ಬ್ಯಾಡ. ನಿಂಗೆ ಅಳತೆ ಕಲ್ಸಿದ್ದು ಯಾರು ಅಂತ ಯಾರಾರೂ ಕೇಳಿದ್ರೆ ನಾ ಎಂತ ಹೇಳ್ಲಿ?"